ಪೇಂಟ್ ಮುಖ್ಯನಾ, ಗುರಿ ಮುಖ್ಯನಾ? ಅಡ್ಮಿರಲ್ ಪರ್ಸಿ ಸ್ಕಾಟ್ ಕಥೆ

ಗೇರ್ ರೇಶಿಯೋ ಅಂದ್ರೆ ನಮಗೆ ಇಂಟರ್ನಲ್ಸ್‌ನಲ್ಲಿ ಬರೋ ಐದು ಮಾರ್ಕ್ಸಿನ ಲೆಕ್ಕ. ಅದೇ ಗೇರ್ ರೇಶಿಯೋ ಬದಲಾಯಿಸಿ ಸಮುದ್ರ ಯುದ್ಧದ ರೀತಿಯನ್ನೇ ಬದಲಾಯಿಸಿದ ಒಬ್ಬ ಅಧಿಕಾರಿ ಬ್ರಿಟಿಷ್ ನೌಕಾಪಡೆಯಲ್ಲಿ ಇದ್ದ. ಹೆಸರು ಪರ್ಸಿ ಸ್ಕಾಟ್. ಹುಟ್ಟಿದ್ದು 1853ರಲ್ಲಿ, ನೌಕಾಪಡೆ ಸೇರಿದ್ದು 13ನೇ ವಯಸ್ಸಿನಲ್ಲಿ. ಆ ವಯಸ್ಸಲ್ಲಿ ನಾವೆಲ್ಲಾ ಹೈಸ್ಕೂಲಿಗೆ ಕಾಲಿಡ್ತಿದ್ವಿ ಅಷ್ಟೇ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಹಡಗು ಅಲೆಯ ಮೇಲೆ ಹೊರಳುತ್ತಲೇ ಇರುತ್ತೆ, ಅದರ ಜೊತೆ ಫಿರಂಗಿಯ ಬಾಯಿ ಕೂಡ ಮೇಲೆ ಕೆಳಗೆ ಆಡುತ್ತೆ. ಗುರಿಕಾರ ದೂರಕ್ಕೆ ತಕ್ಕಂತೆ ಫಿರಂಗಿಯನ್ನು ಒಂದು ಕೋನದಲ್ಲಿ ನಿಲ್ಲಿಸಿ, ಹಡಗು ಹೊರಳಿ ಗುರಿ ಕಣ್ಣಿಗೆ ನೇರ ಬರುವವರೆಗೂ ಕಾಯಬೇಕು. ಬಂತು ಅಂತ ಒತ್ತೋಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. 1899ರಲ್ಲಿ ಅಮೆರಿಕದ ಐದು ಹಡಗುಗಳು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಒಂದು ಹಳೇ ಹಡಗಿನ ಮೇಲೆ ಒಟ್ಟು 25 ನಿಮಿಷ ಗುಂಡು ಹಾರಿಸಿದವು. ತಗುಲಿದ್ದು ಎರಡು, ಅದೂ ಹಾಯಿಪಟಕ್ಕೆ!

1898ರಲ್ಲಿ ಸ್ಕಾಟ್ ಸ್ಕಿಲ್ಲಾ ಎಂಬ ಹಡಗಿನ ಕ್ಯಾಪ್ಟನ್ ಆಗಿದ್ದ. ಒಂದು ದಿನ ಅಭ್ಯಾಸದ ವೇಳೆ ಎಲ್ಲರ ಗುಂಡೂ ನೀರಿಗೆ ಬೀಳ್ತಿದ್ದರೆ ಒಬ್ಬ ಗುರಿಕಾರ ಮಾತ್ರ ಚೆನ್ನಾಗಿ ಹೊಡೀತಿದ್ದ. ಸ್ಕಾಟ್ ಅವನನ್ನೇ ಗಮನಿಸಿದ. ಆ ಮನುಷ್ಯ ತನಗೇ ಗೊತ್ತಿಲ್ಲದಂತೆ ಹಡಗಿನ ಹೊರಳಾಟಕ್ಕೆ ಸರಿಯಾಗಿ ಚಕ್ರ ತಿರುಗಿಸುತ್ತಾ ಗುರಿಯನ್ನು ಹಿಡಿದಿಟ್ಟುಕೊಂಡಿದ್ದ. ಶಹಬ್ಬಾಸ್ ಅಂದು ಸುಮ್ಮನಾಗಬಹುದಿತ್ತು. ಅವನಿಗೆ ಬಂದದ್ದು ಎಲ್ಲರಿಗೂ ಯಾಕೆ ಬರಬಾರದು ಅಂತ ಸ್ಕಾಟ್ ಯೋಚಿಸಿದ. ಫಿರಂಗಿ ಎತ್ತಿ ಇಳಿಸೋ ಗೇರ್ ಬದಲಾಯಿಸಿ ಚಕ್ರ ಸಲೀಸಾಗಿ ತಿರುಗುವಂತೆ ಮಾಡಿದ. ದೂರದರ್ಶಕ ಫಿರಂಗಿಯ ಜೊತೆ ಹಿಂದಕ್ಕೆ ಚಿಮ್ಮಿ ಕಣ್ಣಿಗೆ ಬಡಿಯದಂತೆ ಅದನ್ನು ಬೇರೆ ಕೂರಿಸಿದ. ಡಾಟರ್ ಎಂಬ ಉಪಕರಣ ಮಾಡಿದ: ಗುರಿಯ ಚಿತ್ರ ಮೇಲೆ ಕೆಳಗೆ ಆಡುತ್ತೆ, ಒತ್ತಿದರೆ ಪೆನ್ಸಿಲ್ ಒಂದು ಚುಕ್ಕೆ ಇಡುತ್ತೆ. ಮದ್ದುಗುಂಡು ಖರ್ಚಿಲ್ಲದ ಸಿಮ್ಯುಲೇಟರ್ ಅನ್ನಿ. 1899ರ ಪರೀಕ್ಷೆಯಲ್ಲಿ ಸ್ಕಿಲ್ಲಾ 70ರಲ್ಲಿ 56 ಹೊಡೆಯಿತು. ಶೇಕಡಾ 80.

ಆಮೇಲೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧ, ಅಲ್ಲಿ ಹಡಗಿನ ಫಿರಂಗಿಗಳಿಗೆ ಗಾಡಿ ಕಟ್ಟಿಸಿ ನೆಲದ ಯುದ್ಧಕ್ಕೆ ಕಳಿಸಿದ್ದು. ಅಲ್ಲಿಂದ ಚೀನಾ. ಚೀನಾದ ಕಡಲಲ್ಲಿ ವಿಲಿಯಂ ಸಿಮ್ಸ್ ಎಂಬ ಅಮೆರಿಕದ ಕಿರಿಯ ಅಧಿಕಾರಿ ಸ್ಕಾಟ್‌ನಿಂದ ಇದನ್ನೆಲ್ಲಾ ಕಲಿತು ವಾಷಿಂಗ್ಟನ್‌ಗೆ ವರದಿ ಮೇಲೆ ವರದಿ ಬರೆದ. ಅಲ್ಲಿನವರು ಗಟ್ಟಿ ನೆಲದ ಮೇಲೆ ಫಿರಂಗಿ ಇಟ್ಟು ಪರೀಕ್ಷೆ ಮಾಡಿ, ಇದು ಸಾಧ್ಯವೇ ಇಲ್ಲ ಅಂತ ಗಣಿತದಿಂದ ಸಾಧಿಸಿಬಿಟ್ಟರು! ಹೊರಳುವ ಹಡಗಿನಲ್ಲಿ ಫಿರಂಗಿಯ ಜಡತ್ವವೇ ಗುರಿಕಾರನ ಸಹಾಯಕ್ಕೆ ಬರುತ್ತೆ, ನೆಲದ ಮೇಲೆ ಬರಲ್ಲ. ನ್ಯೂಟನ್ನಿನ ಮೊದಲ ನಿಯಮ, ಪಿಯುಸಿ ಫಿಸಿಕ್ಸ್. ಕೊನೆಗೆ ಸಿಮ್ಸ್ ಅಧ್ಯಕ್ಷ ರೂಸ್‌ವೆಲ್ಟ್‌ಗೇ ನೇರವಾಗಿ ಪತ್ರ ಬರೆಯಬೇಕಾಯ್ತು.

ಸ್ಕಾಟ್‌ನ ನಾಲಿಗೆಯೂ ಗುರಿ ತಪ್ಪುತ್ತಿರಲಿಲ್ಲ, ಅದೇ ತೊಂದರೆ. 1907ರಲ್ಲಿ ಜರ್ಮನಿಯ ಕೈಸರ್ ಬರ್ತಾನೆ ಅಂತ ಮೇಲಧಿಕಾರಿ ಲಾರ್ಡ್ ಬೆರೆಸ್‌ಫರ್ಡ್ ಹಡಗುಗಳಿಗೆ ಬಣ್ಣ ಬಳಿಯಲು ಹೇಳಿದ. ಗುರಿ ಅಭ್ಯಾಸದಲ್ಲಿದ್ದ ತನ್ನ ಒಂದು ಹಡಗಿಗೆ ಸ್ಕಾಟ್ ಸಂದೇಶ ಕಳಿಸಿದ: ಈಗ ಗುಂಡಿಗಿಂತ ಬಣ್ಣಕ್ಕೇ ಬೇಡಿಕೆ ಇದ್ದ ಹಾಗಿದೆ, ಬಂದು ಅಂದವಾಗಿ ಕಾಣಿಸಿಕೊಳ್ಳಿ ಎಂಬ ಅರ್ಥದ್ದು. ಬೆರೆಸ್‌ಫರ್ಡ್ ಎಲ್ಲರ ಮುಂದೆ ಛೀಮಾರಿ ಹಾಕಿದ. ಓದಿ ನಮಗಂತೂ ನಗು ಬಂತು, ಆದರೆ ಶಿಸ್ತಿನ ಪಡೆಯಲ್ಲಿ ಇಂಥ ಕುಚೋದ್ಯಕ್ಕೆ ಬೆಲೆ ತೆರಲೇಬೇಕು. ಆತನ ಒಳ್ಳೆಯ ಯೋಚನೆಗಳಿಗೂ ಆಮೇಲೆ ಶತ್ರುಗಳು ಹೆಚ್ಚಾದರು.

ಡೈರೆಕ್ಟರ್ ವಿಷಯದಲ್ಲೂ ಅದೇ ಆಯ್ತು. ಕೆಳಗಿನ ಗುರಿಕಾರರಿಗೆ ಹೊಗೆ, ನೀರಿನ ತುಂತುರಿನಲ್ಲಿ ಏನೂ ಕಾಣಲ್ಲ. ಹಾಗಾಗಿ ಮೇಲೆ, ಕಂಬದ ಮೇಲೆ, ಒಬ್ಬನೇ ಗುರಿ ಹಿಡಿದು ಎಲ್ಲಾ ಫಿರಂಗಿಗಳನ್ನೂ ವಿದ್ಯುತ್ತಿನಿಂದ ಒಟ್ಟಿಗೆ ಹಾರಿಸೋದು. ವರ್ಷಗಟ್ಟಲೆ ಎಳೆದಾಡಿ 1912ರಲ್ಲಿ ಪೈಪೋಟಿ ಇಟ್ಟರು. ಡೈರೆಕ್ಟರ್ ಇದ್ದ ಥಂಡರರ್, ಇಲ್ಲದ ಓರಿಯನ್‌ಗಿಂತ ಸುಮಾರು ಆರು ಪಟ್ಟು ಹೆಚ್ಚು ಹೊಡೆಯಿತು. ಆದರೂ 1914ರಲ್ಲಿ ಯುದ್ಧ ಶುರುವಾದಾಗ ಅದು ಇದ್ದದ್ದು ಎಂಟು ಯುದ್ಧನೌಕೆಗಳಲ್ಲಿ ಮಾತ್ರ.

ಅದೇ ವರ್ಷ ಜೂನ್‌ನಲ್ಲಿ, ನಿವೃತ್ತನಾಗಿದ್ದ ಸ್ಕಾಟ್ ಜಲಾಂತರ್ಗಾಮಿಗಳ ಮುಂದೆ ದೊಡ್ಡ ಯುದ್ಧನೌಕೆಗಳ ಕಾಲ ಮುಗೀತು ಅಂತ ಪತ್ರಿಕೆಗೆ ಬರೆದ. ಜೀವನವಿಡೀ ಆ ನೌಕೆಗಳ ಫಿರಂಗಿಗಾಗಿಯೇ ದುಡಿದವನು! ಎಲ್ಲರೂ ಆಡಿಕೊಂಡರು. ಸೆಪ್ಟೆಂಬರ್ 22ರಂದು ಒಂದೇ ಜರ್ಮನ್ ಜಲಾಂತರ್ಗಾಮಿ ಒಂದೇ ಬೆಳಿಗ್ಗೆ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಮುಳುಗಿಸಿತು. 1,400ಕ್ಕೂ ಹೆಚ್ಚು ಜನ ಸತ್ತರು.

ಯುದ್ಧಕಾಲದಲ್ಲಿ ಸ್ಕಾಟ್‌ನನ್ನು ಮತ್ತೆ ಕರೆಸಿಕೊಂಡರು. 1915ರಲ್ಲಿ ಜರ್ಮನ್ ವಾಯುನೌಕೆಗಳಿಂದ ಲಂಡನ್ ಕಾಯೋ ಫಿರಂಗಿಗಳ ಜವಾಬ್ದಾರಿ ಆತನದಾಯ್ತು. 1916ರ ಜಟ್‌ಲ್ಯಾಂಡ್ ಕದನದ ಹೊತ್ತಿಗೆ ಬಹುತೇಕ ಎಲ್ಲ ಬ್ರಿಟಿಷ್ ಯುದ್ಧನೌಕೆಗಳಲ್ಲೂ ಡೈರೆಕ್ಟರ್ ಬಂದಿತ್ತು. ನೌಕಾಪಡೆಯಲ್ಲಿ ಮಿಡ್‌ಶಿಪ್‌ಮನ್ ಆಗಿದ್ದ ಆತನ ಮಗ ಸತ್ತದ್ದು ಅದೇ ಕದನದಲ್ಲಿ. 1919ರಲ್ಲಿ ಸ್ಕಾಟ್ ಆತ್ಮಕಥೆ ಬರೆದ, ಅದರಲ್ಲೂ ಮೇಲಿನವರನ್ನು ಬಿಡಲಿಲ್ಲ. 1924ರಲ್ಲಿ ತೀರಿಕೊಂಡ.