ಚಾಪೆಲ್ ಹಿಲ್‌ನ ಬೋಸ್ ಮೇಷ್ಟ್ರು

ನಮ್ಮ ಷಾರ್ಲೆಟ್‌ನಿಂದ ಚಾಪೆಲ್ ಹಿಲ್‌ಗೆ ಕಾರಲ್ಲಿ ಸುಮಾರು ಎರಡೂವರೆ ಗಂಟೆ. ಅಲ್ಲಿನ ಯೂನಿವರ್ಸಿಟಿಯಲ್ಲಿ 1949ರಿಂದ 1971ರವರೆಗೆ ಪಾಠ ಮಾಡಿದ ರಾಜ್ ಚಂದ್ರ ಬೋಸ್ ಅವರ ಹೆಸರನ್ನು ಎಲೆಕ್ಟ್ರಾನಿಕ್ಸ್ ಓದಿದ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಬಿಸಿಎಚ್ ಕೋಡ್‌ನ ಮೊದಲ ಅಕ್ಷರ ಅವರೇ!

ಬೋಸ್ 1901ರಲ್ಲಿ ಹೋಶಂಗಾಬಾದ್‌ನಲ್ಲಿ ಹುಟ್ಟಿದರು. 1918ರ ಇನ್‌ಫ್ಲುಯೆಂಜಾ ತಾಯಿಯನ್ನು ಕರೆದೊಯ್ಯಿತು, ಮರುವರ್ಷ ತಂದೆಯೂ ಹೋದರು. ಬಡತನದಲ್ಲೇ ದೆಹಲಿ, ಕಲ್ಕತ್ತಾಗಳಲ್ಲಿ ಎರಡು ಎಂ.ಎ. ಮುಗಿಸಿ ಕಾಲೇಜು ಮೇಷ್ಟ್ರಾದರು. ಅವರ ಇಷ್ಟದ ವಿಷಯ ಜ್ಯಾಮಿತಿ. ಮೂವತ್ತು ದಾಟಿದ ಮೇಲೆ ಮಹಲನೋಬಿಸ್ ಅವರು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಕರೆದಾಗ, ಸಂಖ್ಯಾಶಾಸ್ತ್ರವನ್ನು ಮೊದಲಿಂದ ಕಲಿಯಬೇಕಾಯಿತು.

ಯಾವ ತಳಿಯನ್ನು ಹೊಲದ ಯಾವ ತುಂಡಿನಲ್ಲಿ ಬಿತ್ತಿ ಹೋಲಿಸಬೇಕು ಅನ್ನೋದು ಅಲ್ಲಿನ ಪ್ರಶ್ನೆ. ಅದಕ್ಕೆ ಬೋಸ್ ತಮ್ಮ ಜ್ಯಾಮಿತಿಯನ್ನೇ ಹಚ್ಚಿದರು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದರು. 1959ರಲ್ಲಿ ಶ್ರೀಖಂಡೆ, ಪಾರ್ಕರ್ ಜೊತೆ ಸೇರಿ ಆಯ್ಲರ್‌ನ 1782ರ ಊಹೆಯೊಂದು ತಪ್ಪೆಂದು ತೋರಿಸಿದಾಗ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲಿ ಸುದ್ದಿಯಾಯಿತು. 1960ರಲ್ಲಿ ಶಿಷ್ಯ ರಾಯ್‌ಚೌಧುರಿ ಜೊತೆ ಈ ಕೋಡ್ ಪ್ರಕಟಿಸಿದರು. ಫ್ರಾನ್ಸ್‌ನ ಹೊಕೆಂಗೆಮ್ ಹಿಂದಿನ ವರ್ಷವೇ ಪ್ರತ್ಯೇಕವಾಗಿ ಕಂಡುಹಿಡಿದಿದ್ದರಿಂದ ಹೆಸರಲ್ಲಿ ಮೂವರೂ ಇದ್ದಾರೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಕ್ಲಾಸ್ ಪ್ರಾಜೆಕ್ಟ್‌ನಲ್ಲಿ. ಸರ್ವರ್ ಮೆಮೊರಿಯಲ್ಲಿ ಬಹುಕಾಲ ಸಾಮಾನ್ಯವಾಗಿ 64 ಬಿಟ್ ಡೇಟಾಗೆ 8 ಕಾವಲು ಬಿಟ್ ಇರುತ್ತಿದ್ದವು. ಹ್ಯಾಮಿಂಗ್ ಅವರ 1950ರ ದಾರಿಯಲ್ಲೇ ಬಂದ ಏರ್ಪಾಡು ಇದು. ಟೆಸ್ಟ್ ಮಾಡೋದು ಅಂದರೆ ನಾವೇ ಬೇಕಂತ ಬಿಟ್ ತಿರುಗಿಸೋದು. ಒಂದು ತಿರುಗಿಸಿದೆ, ಸರಿಪಡಿಸಿತು. ಎರಡು ತಿರುಗಿಸಿದೆ, ತಪ್ಪಿದೆ ಎಂದು ಕೂಗಿತು. ಖುಷಿಯಾಗಿ ಎದ್ದುಬಿಡುತ್ತಿದ್ದೆ. ಸುಮ್ಮನೆ ಮೂರು ತಿರುಗಿಸಿ ನೋಡಿದರೆ, ಒಂದೇ ತಪ್ಪು ಅಂದುಕೊಂಡು ಇನ್ನೊಂದು ಬಿಟ್ ಕೆಡಿಸಿ, ಎಲ್ಲ ಸರಿಯಿದೆ ಅಂದಿತು! ಬ್ಯಾಂಕಿನ ಲೆಕ್ಕವೋ ಆಸ್ಪತ್ರೆಯ ರಿಪೋರ್ಟೋ ಆಗಿದ್ದರೆ?

ಬೋಸ್ ಅವರ ದಾರಿ ಬೇರೆ. ಎಷ್ಟು ತಪ್ಪು ತಡೆಯಬೇಕು ಅಂತ ಮೊದಲು ನೀವು ಹೇಳಿ, ಅದಕ್ಕೆ ತಕ್ಕ ಕಾವಲು ಬಿಟ್ ಲೆಕ್ಕ ಅದು ಕೊಡುತ್ತದೆ. ಆ ಮಿತಿ ದಾಟಿದರೆ ಅದೂ ಮೋಸಹೋಗಬಹುದು. ಆದರೆ ಮಿತಿ ಎಷ್ಟೆಂದು ಆರಿಸುವವರು ನಾವು. ಬಿಟ್‌ಗಳು ಬೇಗ ಕೆಡುವ ಫ್ಲಾಶ್ ಮೆಮೊರಿಗೆ ಇದು ವರ್ಷಗಟ್ಟಲೆ ಆಸರೆಯಾಯಿತು.

ಬೋಸ್ 1987ರಲ್ಲಿ ಕೊಲರಾಡೊದಲ್ಲಿ ತೀರಿಕೊಂಡರು. ಇಪ್ಪತ್ನಾಲ್ಕಕ್ಕೇ ಫೀಲ್ಡ್ ಬದಲಾಯಿಸೋಕೆ ಲೇಟಾಯ್ತು ಅಂತ ಕೊರಗೋ ನಾವು, ಮುಂದಿನ ಸಲ ಚಾಪೆಲ್ ಹಿಲ್‌ಗೆ ಹೋದಾಗ ಅವರನ್ನು ಒಮ್ಮೆ ನೆನೆಯೋಣ.