ಮಹಾವೀರಾಚಾರ್ಯ: ಎರಡು ಹಣ್ಣು, ಎರಡು ಸರಳರೇಖೆ

ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಜೇವರ್ಗಿ ತಾಲ್ಲೂಕಿನ ಇಜೇರಿ. ನಮ್ಮ ಕಾಕಾನ ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಓದೋ ಅಣ್ಣ ಬಂದಾನ ಅಂತ ಗಣಿತದ ಪುಸ್ತಕ ಹಿಡ್ಕೊಂಡು ಬಂದಳು. ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ. ಪಾಠದ ಹೆಸರು ಓದೋದೇ ನನಗೆ ಕಷ್ಟ ಆಯ್ತು. ಲೆಕ್ಕ ಮಾತ್ರ ಪಟಪಟ ಮಾಡಿ ತೋರಿಸಿದೆ. ಆಗ ಅವಳು ಎರಡು ಪ್ರಶ್ನೆ ಕೇಳಿದಳು. ಇಲ್ಲಿ ಬರೀ ಅಕ್ಷರ, ಅಂಕಿ ಇವೆ, ರೇಖೆ ಎಲ್ಲಿದೆ? ಕೆಲವು ಜೋಡಿಗಳಿಗೆ ಉತ್ತರವೇ ಇಲ್ಲ ಅಂದ್ರೆ ಏನು? ಸಿಇಟಿಗೆ ಫಾರ್ಮುಲಾ ಬಾಯಿಪಾಠ ಮಾಡಿದವನು ನಾನು. ಕನ್ನಡದಲ್ಲಿ ಬಿಡಿ, ಇಂಗ್ಲಿಷಿನಲ್ಲೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಮಹಾವೀರಾಚಾರ್ಯರು. ಅವರ ಕಾಲದ ರಾಜಧಾನಿ ನಮ್ಮ ಜಿಲ್ಲೆಯಲ್ಲೇ ಇದೆ.

ಕಲಬುರಗಿಯಿಂದ ಸೇಡಂ ಕಡೆಗೆ ಹೋಗುವ ರಸ್ತೆಯಲ್ಲಿ ಮಳಖೇಡ ಬರುತ್ತೆ. ಕಾಗಿಣಾ ನದಿಯ ದಂಡೆ, ಹಳೇ ಕೋಟೆ, ಒಂದು ಬಸದಿ. ಬಸ್ಸಿನ ಕಿಟಕಿಯಿಂದ ನೋಡಿದರೆ ಅಷ್ಟೇ. ಆದರೆ ಒಂಬತ್ತನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ರಾಜ ಅಮೋಘವರ್ಷ ನೃಪತುಂಗ. ಸುಮಾರು 814ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದು ಅರವತ್ತಕ್ಕೂ ಹೆಚ್ಚು ವರ್ಷ ಆಳಿದವನು. ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಆಳ್ವಿಕೆಯಲ್ಲಿ. ಅದನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅದೇ ರಾಜನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಗಣಿತಸಾರಸಂಗ್ರಹ ಅನ್ನೋ ಪುಸ್ತಕವೂ ಬಂತು ಅಂತ ನನಗೆ ಯಾರೂ ಹೇಳಿರಲಿಲ್ಲ.

ಅದನ್ನು ಬರೆದ ಮಹಾವೀರಾಚಾರ್ಯರು ಜೈನರು. ತಮ್ಮ ಬಗ್ಗೆ ಅವರು ಏನೂ ಬರೆದುಕೊಳ್ಳಲಿಲ್ಲ. ಪುಸ್ತಕದ ಶುರುವಿನಲ್ಲಿ ತೀರ್ಥಂಕರ ಮಹಾವೀರನಿಗೆ ನಮಸ್ಕಾರ ಮಾಡ್ತಾರೆ, ಅಮೋಘವರ್ಷನನ್ನು ಹೊಗಳ್ತಾರೆ, ನೇರ ಗಣಿತಕ್ಕೆ ಬರ್ತಾರೆ. ಹಾಗಾಗಿ ಅವರ ಜೀವನ ಅಂದ್ರೆ ಈ ಪುಸ್ತಕವೇ. ಸಂಸ್ಕೃತದಲ್ಲಿ 1,100ಕ್ಕೂ ಹೆಚ್ಚು ಶ್ಲೋಕ, ಒಂಬತ್ತು ಅಧ್ಯಾಯ.

ಅದನ್ನು ಓದಿದರೆ ಮನುಷ್ಯ ಎಂಥವರು ಅಂತ ಸ್ವಲ್ಪ ಗೊತ್ತಾಗುತ್ತೆ. ಅವರಿಗಿಂತ ಮೊದಲು ಆರ್ಯಭಟ, ಬ್ರಹ್ಮಗುಪ್ತ ಗಣಿತವನ್ನು ಖಗೋಳದ ಜೊತೆ ಸೇರಿಸಿ ಬರೆದಿದ್ದರು. ಇವರು ಗಣಿತವನ್ನೇ ಬೇರೆ ಮಾಡಿ ಒಂದು ಪೂರ್ತಿ ಪುಸ್ತಕ ಕೊಟ್ಟರು. ಅಡುಗೆ, ವೈದ್ಯ, ಸಂಗೀತ, ಕಟ್ಟಡ, ಹೀಗೆ ಎಲ್ಲ ಕಡೆ ಗಣಿತ ಬೇಕೇ ಬೇಕು ಅನ್ನೋದು ಅವರ ನಂಬಿಕೆ. ತಮಾಷೆಯೂ ಇದೆ. 12345679ನ್ನು 9ರಿಂದ ಗುಣಿಸಿದರೆ ಬರೀ ಒಂದುಗಳ ಸಾಲು ಬರುತ್ತಲ್ಲ, ಅಂಥ ಗುಣಾಕಾರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ನಾವು ಎನ್‌ಸಿಆರ್ ಅಂತ ಹಾಕೋ ಸಾಮಾನ್ಯ ಸೂತ್ರವೂ ಅಲ್ಲಿದೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದ್ದಾರೆ. ಅದಕ್ಕೊಂದು ದಾರಿ ಮಾಡಿ ಅದನ್ನೇ ನಾವೀಗ ಸರ್ಕ್ಯೂಟ್ ಥಿಯರಿಯಲ್ಲಿ ಜೆ ಅಂತ ಬಳಸ್ತೀವಿ.

ಈಗ ನನ್ನ ತಂಗಿಯ ಪ್ರಶ್ನೆಗೆ ಬರೋಣ. ಪುಸ್ತಕದಲ್ಲಿ ಒಂದು ಹಣ್ಣಿನ ಲೆಕ್ಕ ಇದೆ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಬೇಲದ ಹಣ್ಣು ಅಂದ್ರೆ ನಮ್ಮ ಕಡೆಯ ಬಳವಲಕಾಯಿ.

ಅವರು ಕೊಡುವ ದಾರಿ ಹೀಗಿದೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಸಣ್ಣ ಬೆಲೆಯನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ ಕಳೆಯಬೇಕು: 963ರಲ್ಲಿ 707 ಹೋದರೆ 256. ಅದನ್ನು 9ರ ವರ್ಗ ಮತ್ತು 7ರ ವರ್ಗದ ವ್ಯತ್ಯಾಸದಿಂದ, ಅಂದ್ರೆ 32ರಿಂದ ಭಾಗಿಸಬೇಕು. ಮಾದಲ ಹಣ್ಣಿಗೆ 8. ಹಾಗೇ 909ರಲ್ಲಿ 749 ಹೋದರೆ 160, 32ರಿಂದ ಭಾಗಿಸಿದರೆ ಬೇಲದ ಹಣ್ಣಿಗೆ 5. ಆ 32 ಏನು ಅಂತ ಗುರುತು ಸಿಕ್ತಾ? ಅದು ನಮ್ಮ ಡಿಟರ್ಮಿನಂಟ್. ಕ್ರೇಮರ್ ತನ್ನ ರೂಲ್ ಪ್ರಕಟಿಸಿದ್ದು 1750ರಲ್ಲಿ. ಈ ಒಂದು ಬಗೆಯ ಜೋಡಿಗೆ ಅದೇ ಹೆಜ್ಜೆ ಇಲ್ಲಿ 900 ವರ್ಷ ಮೊದಲೇ ಇದೆ.

ಆದರೆ ರೇಖೆ? ಅದು ಆ ಪುಸ್ತಕದಲ್ಲಿ ಇಲ್ಲ. ಇಲ್ಲಿ ನಾವು ಪ್ರಾಮಾಣಿಕವಾಗಿ ಇರಬೇಕು. ಎಲ್ಲಾ ನಮ್ಮೋರೇ ಮೊದಲು ಕಂಡುಹಿಡಿದರು ಅಂತ ವಾಟ್ಸಾಪ್‌ನಲ್ಲಿ ಬರೋ ಮೆಸೇಜ್ ಥರ ನಾನು ಬರೆಯಲ್ಲ. ಸಮೀಕರಣಕ್ಕೂ ಗೆರೆಗೂ ಗಂಟು ಹಾಕಿದ್ದು ಫ್ರಾನ್ಸಿನ ಡೆಕಾರ್ಟ್ ಮತ್ತು ಫರ್ಮಾ. ಡೆಕಾರ್ಟ್‌ನ ಜ್ಯಾಮಿತಿ ಪುಸ್ತಕ ಬಂದದ್ದು 1637ರಲ್ಲಿ. ಮಾದಲದ ಬೆಲೆಯನ್ನು ಅಡ್ಡಕ್ಕೆ, ಬೇಲದ ಬೆಲೆಯನ್ನು ಉದ್ದಕ್ಕೆ ಹಿಡಿದರೆ 9 ಎಕ್ಸ್ + 7 ವೈ = 107 ಅನ್ನೋದು ಒಂದು ಸರಳರೇಖೆ, ಸ್ಲೋಪ್ ಮೈನಸ್ 9/7. 7 ಎಕ್ಸ್ + 9 ವೈ = 101 ಇನ್ನೊಂದು, ಸ್ಲೋಪ್ ಮೈನಸ್ 7/9. ಮೊದಲ ಗೆರೆಯ ಮೇಲಿನ ಪ್ರತಿ ಬಿಂದುವೂ ಮೊದಲ ಬಿಲ್ಲಿಗೆ ಹೊಂದುವ ಒಂದು ಬೆಲೆಯ ಜೋಡಿ. ಎರಡೂ ಬಿಲ್ಲಿಗೆ ಹೊಂದುವ ಜೋಡಿ ಒಂದೇ, ಗೆರೆಗಳು ಕತ್ತರಿಸುವ ಜಾಗ (8, 5).

ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಚಾರ್ಯರ ಒಂದು ತಪ್ಪಿನಲ್ಲಿ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತೆ ಅಂತ ಅವರು ಬರೆದಿದ್ದಾರೆ. ಒಂದು ಲೆಕ್ಕ ಮಾಡೋಣ, ಇದು ಅವರದ್ದಲ್ಲ, ನಾನು ಹಾಕಿದ್ದು. ಎರಡು ಸಲವೂ 9 ಮಾದಲ, 9 ಬೇಲ. ಒಮ್ಮೆ 107, ಒಮ್ಮೆ 101. ಅವರ ದಾರಿಯಲ್ಲಿ ಹೋದರೆ ಮೇಲೆ 54, ಕೆಳಗೆ 81ರಲ್ಲಿ 81 ಹೋಗಿ ಸೊನ್ನೆ. ಹಾಗೇ ಉಳಿಯುತ್ತೆ ಅಂದ್ರೆ ಒಂದು ಮಾದಲಕ್ಕೆ 54. ಒಂಬತ್ತಕ್ಕೇ 486 ಆಯ್ತಲ್ಲ! ಗೆರೆ ಎಳೆದು ನೋಡಿದರೆ ವಿಷಯ ಗೊತ್ತಾಗುತ್ತೆ. ಎರಡಕ್ಕೂ ಒಂದೇ ಸ್ಲೋಪ್, ಎರಡೂ ಸಮಾಂತರ, ಎಲ್ಲೂ ಸೇರೋದೇ ಇಲ್ಲ. ಕೆಳಗೆ ಸೊನ್ನೆ ಬರೋದೂ, ಉತ್ತರ ಇಲ್ಲ ಅನ್ನೋದೂ ಇದೇ.

ಈ ತಪ್ಪು ನೋಡಿದ ಮೇಲೆ ನನಗೆ ಅವರ ಮೇಲಿನ ಗೌರವ ಕಮ್ಮಿ ಆಗಲಿಲ್ಲ, ಅವರು ಇನ್ನೂ ಹತ್ತಿರದವರು ಅನ್ನಿಸಿದರು. ಚಿತ್ರ ಇಲ್ಲದೆ, ಎಕ್ಸ್ ವೈ ಇಲ್ಲದೆ, ಶ್ಲೋಕದಲ್ಲಿ ಅಷ್ಟು ದೂರ ಬಂದವರು ಅವರು. ನಾವು ಚಿತ್ರ ಕೈಯಲ್ಲಿದ್ದೂ ನೋಡದೆ ಫಾರ್ಮುಲಾ ಹಾಕ್ತೀವಿ.

ಅವರ ಪುಸ್ತಕ ದಕ್ಷಿಣದಲ್ಲಿ ಬಹಳ ಕಾಲ ಓದಿಸಿಕೊಂಡಿತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹೋಲಿಸಿ ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಬಂತು.

ಮುಂದಿನ ಸಲ ಊರಿಗೆ ಹೋದಾಗ ಗ್ರಾಫ್ ಹಾಳೆ ತಗೊಂಡು ಹೋದೆ. ಬಳವಲಕಾಯಿ ಲೆಕ್ಕ ಹೇಳಿ ತಂಗಿಯ ಕೈಯಲ್ಲೇ ಎರಡು ಗೆರೆ ಎಳೆಸಿದೆ. (8, 5)ರಲ್ಲಿ ಸ್ಕೇಲು ಬಂದು ಸೇರಿದಾಗ ಅವಳು ಪಾಠದ ಹೆಸರನ್ನು ಇನ್ನೊಮ್ಮೆ ಓದಿದಳು. ಈ ಸಲ ನನಗೂ ಅರ್ಥ ಆಯ್ತು.