ಪೀಡಿತ ಪತ್ನಿಯರ ಪರವಾಗಿ ಲೇಖನಿ ಹಿಡಿದ ಫ್ರಾನ್ಸಿಸ್ ಪವರ್ ಕಾಬ್

ಹೆಂಡತಿಯನ್ನು ಹೊಡೆಯುವುದು ಗಂಡನ ಮನೆಯೊಳಗಿನ ಮಾತು, ಅದರಲ್ಲಿ ಸರಕಾರವು ಕೈಹಾಕಲಾಗದು ಎಂಬ ಭಾವನೆಯು ಸುಧಾರಿಸಿದ ರಾಷ್ಟ್ರವೆನಿಸಿದ್ದ ಇಂಗ್ಲೆಂಡಿನಲ್ಲಿಯೂ ಬಹುಕಾಲ ಬೇರೂರಿದ್ದಿತು. ಅದನ್ನು ಅಲುಗಾಡಿಸಿದವರಲ್ಲಿ ಫ್ರಾನ್ಸಿಸ್ ಪವರ್ ಕಾಬ್ ಅಗ್ರಗಣ್ಯಳು.

ಆಕೆ 1822ರಲ್ಲಿ ಡಬ್ಲಿನ್ ನಗರದ ಜಮೀನುದಾರ ಮನೆತನವೊಂದರಲ್ಲಿ ಜನಿಸಿದಳು. 1857ರಲ್ಲಿ ತಂದೆಯು ತೀರಿಕೊಳ್ಳುವವರೆಗೆ ಆತನ ಮನೆವಾರ್ತೆ ನೋಡಿಕೊಂಡಿದ್ದು, ಬಳಿಕ ದೇಶಾಟನ ಕೈಕೊಂಡಳು. ಬ್ರಿಸ್ಟಲಿನಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಮೇರಿ ಕಾರ್ಪೆಂಟರಳೊಡನೆ ಕೆಲಕಾಲ ದುಡಿದಳು. ಮುಂದೆ ಸ್ತ್ರೀಶಿಕ್ಷಣಕ್ಕಾಗಿ ನಾಲ್ಕು ಸಲ ನಮ್ಮ ದೇಶಕ್ಕೆ ಬಂದ ಕಾರ್ಪೆಂಟರಳು ಈಕೆಯೇ. ಕಾಬ್ ಮದುವೆಯಾಗಲಿಲ್ಲ. ಲಂಡನ್ನಿನ ಪತ್ರಿಕೆಗಳಿಗೆ ಬರೆದು ಹೆಸರು ಗಳಿಸಿದಳು.

1878ರಲ್ಲಿ ಒಂದು ದಿನ ವೃತ್ತಪತ್ರಿಕೆಯಲ್ಲಿ ಸಾಲುಸಾಲಾಗಿ ಅಚ್ಚಾಗಿದ್ದ ಪತ್ನೀಹಿಂಸೆಯ ವರದಿಗಳನ್ನು ಓದಿ ಆಕೆ ತಳಮಳಿಸಿದಳು. ಕಾನೂನು ಇರಲಿಲ್ಲವೆಂದಲ್ಲ. 1853ರ ಶಾಸನದಂತೆ ಘೋರವಾಗಿ ಹೊಡೆದವನಿಗೆ ಆರು ತಿಂಗಳ ಸೆರೆವಾಸ ವಿಧಿಸಬಹುದಾಗಿತ್ತು. ಆದರೆ ಸೆರೆಯಿಂದ ಹೊರಬಂದವನು ಸೇರುವುದು ಅದೇ ಮನೆಯನ್ನು! ಅನ್ನಕ್ಕೆ ಅವನನ್ನೇ ನಂಬಿದ ಹೆಂಗಸು ಸಾಕ್ಷಿ ಹೇಳುವುದೆಂತು? ವಿಚ್ಛೇದನವೋ ಹಣವಂತರ ಸೊತ್ತು. ಅದೂ ಕ್ರೌರ್ಯವೊಂದೇ ಪತ್ನಿಗೆ ಸಾಕಾದ ಕಾರಣವಾಗಿರಲಿಲ್ಲ, ಗಂಡನ ವ್ಯಭಿಚಾರವನ್ನೂ ರುಜುಪಡಿಸಬೇಕಿತ್ತು. ಇಂಥವರಿಗೆ ಛಡಿ ಏಟೇ ಮದ್ದೆಂದು ಹಲವರು ಹೇಳುತ್ತಿದ್ದರು. ಕಾಬ್ ಒಪ್ಪಲಿಲ್ಲ. ಏಟು ತಿಂದವನು ಆ ಸೇಡನ್ನು ಹೆಂಡತಿಯ ಮೇಲೆಯೇ ತೀರಿಸುವನೆಂಬುದು ಅವಳ ವಾದ. ಅಪರಾಧಿಯ ಶಿಕ್ಷೆಗಿಂತ ಪೀಡಿತಳ ಬಿಡುಗಡೆ ಮುಖ್ಯವೆಂದು ಕಂಡದ್ದರಲ್ಲಿಯೇ ಆಕೆಯ ವಿವೇಕವಿದೆ.

ಆ ವರ್ಷದ ಏಪ್ರಿಲಿನಲ್ಲಿ ಅವಳ ದೀರ್ಘ ಲೇಖನವು ಪ್ರಕಟವಾಯಿತು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಹಿಲ್ ಮಸೂದೆಯ ರಚನೆಗೆ ನೆರವಾದನು. ಲಾರ್ಡ್ ಪೆನ್ಜಾನ್ಸ್ ತನ್ನ ಬೇರೊಂದು ಮಸೂದೆಯಲ್ಲಿ ಅದರ ಸಾರವನ್ನು ಸೇರಿಸಿಕೊಂಡನು. ಮೇ ತಿಂಗಳಲ್ಲಿ ಅದು ಶಾಸನವಾಯಿತು! ಗಂಡನು ಘೋರ ಹಲ್ಲೆಯ ಅಪರಾಧಿಯೆಂದು ತೀರ್ಮಾನವಾಗಿ, ಪತ್ನಿಯ ಮುಂದಿನ ಸುರಕ್ಷತೆಗೆ ಅಪಾಯವಿದ್ದರೆ, ಮ್ಯಾಜಿಸ್ಟ್ರೇಟನು ಆಕೆಗೆ ಪ್ರತ್ಯೇಕ ವಾಸ, ವಾರದ ಜೀವನಾಂಶ, ಹತ್ತು ವರ್ಷದೊಳಗಿನ ಮಕ್ಕಳ ಪಾಲನೆಯ ಹಕ್ಕು ಇವನ್ನು ಕೊಡಬಹುದಾಯಿತು.

ಕೊರತೆಗಳಿದ್ದವು. ವ್ಯಭಿಚಾರದ ದೋಷ ರುಜುವಾದವಳಿಗೆ ಜೀವನಾಂಶವಿಲ್ಲ, ಮಕ್ಕಳೂ ಇಲ್ಲ. ಮೈಮೇಲಿನ ಗಾಯಕ್ಕೂ ಇದಕ್ಕೂ ಏನು ಸಂಬಂಧವೋ! ಗಂಡನಿಗೆ ಶಿಕ್ಷೆಯಾಗುವವರೆಗೆ ಕಾಯಬೇಕೆಂಬ ತೊಡಕು 1895ರ ಶಾಸನದಿಂದ ಬಹುಮಟ್ಟಿಗೆ ನೀಗಿತು; ಸತತ ಕ್ರೌರ್ಯದಿಂದ ಮನೆ ಬಿಟ್ಟವಳು ಆ ಬಳಿಕ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದಾಯಿತು. ಆ ವೇಳೆಗೆ ಕಾಬ್ ವೇಲ್ಸಿನ ಹಳ್ಳಿಗಾಡಿನಲ್ಲಿ ನೆಲೆಸಿದ್ದಳು. 1904ರ ಏಪ್ರಿಲಿನಲ್ಲಿ ಅಲ್ಲಿಯೇ ಕಾಲವಾದಳು.